ಜೋಳಿಗೆಯ ಮಾನ

ಹದಿನಾರು ಕೆರೆಯ ಏರಿಯ ಮೇಲೆ ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬನ ಜೊತೆ ನಡೆಯುತ್ತಿದ್ದೆ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ಕಂದಪದ್ಯವೊಂದನ್ನು ಎರಡು ಸಲ ಕೇಳಿದರೆ ಮಾತ್ರೆ ತಪ್ಪದಂತೆ ಒಪ್ಪಿಸಬಲ್ಲ ಹುಡುಗ. ಸರ್ಕಾರದಿಂದ ತನಗೆ ಸಲ್ಲುವ ಅಂಗವಿಕಲರ ಮಾಸಾಶನವನ್ನು ಬಿಟ್ಟುಬಿಡುವ ಯೋಚನೆ ಇದೆಯೆಂದು ಅವನು ಅಂದು ನನಗೆ ತಿಳಿಸಿದ. ಹಣ ಕೈಗೆ ಬಂದ ದಿನವೆಲ್ಲ ಜಗಲಿಯ ಮೇಲಿನವರ ಮಾತು ಕಿವಿಗೆ ಬೀಳುತ್ತದಂತೆ. ಕುಳಿತು ತಿನ್ನುವವನೆಂಬ ಬಿರುದು ಅವನಿಗೆ ಸಂದಿದೆಯಂತೆ. ನಾನು ಏನೋ ಸಮಾಧಾನ ಹೇಳಿದೆ. ಅದು ಮೇಷ್ಟರ ಬಾಯುಪಚಾರವೆಂಬುದು ನನಗೆ ತಿಳಿಯುವ ಮೊದಲೇ ಅವನಿಗೆ ತಿಳಿದಿತ್ತು.

ಮೈಸೂರಿನ ಅರಸುಮನೆತನದ ಮೂಲವನ್ನು ಪರಂಪರೆಯು ಈ ಹದಿನಾಡಿನಲ್ಲಿಯೇ, 1399ರ ಯದುರಾಯನ ಕಥೆಯಲ್ಲಿ ಗುರುತಿಸುತ್ತದೆ. ಅದೇ ವಂಶದ ಇಮ್ಮಡಿ ಕಂಠೀರವ ನರಸರಾಜ ಒಡೆಯರು ಹುಟ್ಟಿನಿಂದ ಕಿವಿ ಕೇಳದವರು, ಮಾತು ಬಾರದವರು. 1704ರಿಂದ 1714ರವರೆಗೆ ಪಟ್ಟದಲ್ಲಿದ್ದರು. ಜನ ಮೂಕರಸು ಎಂದು ಕರೆದರು, ನಿಜ. ಆದರೆ ಅರಮನೆಯ ಅನ್ನವನ್ನು ಅವರು ಭಿಕ್ಷೆಯಾಗಿ ಉಂಡರೆಂದು ಯಾರು ತಾನೆ ಹೇಳಿಯಾರು? ಅವಮಾನ ಅಂಗದ ಊನದಲ್ಲಿಲ್ಲ, ಅನ್ನದಲ್ಲಿಯೂ ಇಲ್ಲ. ಕೊಡುವವನ ಕಣ್ಣು ತೆಗೆದುಕೊಳ್ಳುವವನನ್ನು ಅಳೆಯುವ ರೀತಿಯಲ್ಲಿದೆ. ಈ ಯೋಚನೆಯಲ್ಲಿ ಮನೆಗೆ ಮರಳಿದ ನನಗೆ ಅಂದು ರಾತ್ರಿ ನೆನಪಿಗೆ ಬಂದವರು ಪಂಚಾಕ್ಷರ ಗವಾಯಿಗಳು.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ, ಬಡ ಜಂಗಮರ ಮನೆಯೊಂದರಲ್ಲಿ ಅವರ ಜನನ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗಿಟ್ಟ ಹೆಸರು ಗದಿಗಯ್ಯ. ಅವನಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಅಂದಿನ ಹಳ್ಳಿ ಏನನ್ನು ಭಾವಿಸುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಪೂರ್ವಜನ್ಮದ ಪಾಪವೆಂಬ ವಿವರಣೆ ಸಿದ್ಧವಾಗಿಯೇ ಇರುತ್ತಿತ್ತು. ಆ ಲೆಕ್ಕದಲ್ಲಿ ಕುರುಡನ ತಟ್ಟೆಗೆ ಬಿದ್ದ ಕಾಸು ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಪಾಪದ ರಸೀದಿ.

ಆ ಮಕ್ಕಳ ಕಂಠವನ್ನು ಕೇಳಿ ಅವರನ್ನು ಕರೆದುಕೊಂಡು ಹೋದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಸ್ವಾಮಿಗಳು ಸ್ವತಃ ಜೋಳಿಗೆ ಹಿಡಿದವರು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜಂಗಮನ ಹೆಗಲಿಗೆ ಬಿದ್ದ ಜೋಳಿಗೆಗೆ ನಮ್ಮ ಸಮಾಜ ಕೈಮುಗಿಯುತ್ತದೆ. ಅದೇ ಬಟ್ಟೆ ಕುರುಡನ ಹೆಗಲಿಗೆ ಬಿದ್ದರೆ ಅದು ತಿರುಪೆಯ ಚೀಲವಾಗುತ್ತದೆ. ಹುಟ್ಟಿನಿಂದ ಜಂಗಮನೂ ಕುರುಡನೂ ಆದ ಗದಿಗಯ್ಯ ಈ ಎರಡು ನೋಟಗಳ ನಡುವೆಯೇ ಬೆಳೆದನು.

ಗುರುಗಳು ಅವನಿಗೆ ಬರಿಯ ಅನ್ನವನ್ನು ಕೊಟ್ಟು ಸುಮ್ಮನಾಗಲಿಲ್ಲ. ನಮ್ಮ ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಮುಂದೆ ನೀಲಕಂಠಬುವಾ ಮಿರಜಕರರಂಥವರಿಂದ ಹಿಂದೂಸ್ಥಾನಿ ಗಾಯನದ ಶಿಕ್ಷಣ ದೊರೆಯಿತು. ಎರಡು ಪದ್ಧತಿಗಳಲ್ಲಿಯೂ ಪಾರಂಗತರಾಗಿ ಅವರು ಪಂಚಾಕ್ಷರ ಗವಾಯಿಗಳಾದರು, ಉಭಯಗಾನ ವಿಶಾರದರೆನಿಸಿದರು. ಅಷ್ಟು ವಿದ್ಯೆಯಿದ್ದವರು ತಮ್ಮ ಹೊಟ್ಟೆಯನ್ನು ಸುಖವಾಗಿ ಹೊರೆದುಕೊಳ್ಳಬಹುದಾಗಿತ್ತು. ಅವರು ಮದುವೆಯಾಗಲಿಲ್ಲ, ಆಸ್ತಿ ಕೂಡಿಸಲಿಲ್ಲ. ಅಂಧರು, ಅನಾಥರು, ಅಂಗವಿಕಲರಾದ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರಿಂದೂರಿಗೆ ನಡೆಯುವ ಸಂಗೀತಶಾಲೆಯೊಂದನ್ನು ಕಟ್ಟಿದರು. ಇಂದು ಈ ಊರು, ನಾಳೆ ಆ ಊರು. ಸಂಜೆ ಹಾಡು, ರಾತ್ರಿ ಊರು ಕೊಟ್ಟ ಅನ್ನ, ಬೆಳಗಾದರೆ ಪಾಠ.

ಅವರ ಚರಿತ್ರೆಯನ್ನು ಹೇಳುವವರಲ್ಲಿ ಕೆಲವರು ಇಲ್ಲಿ ಅವಸರಪಡುತ್ತಾರೆ. ಕಣ್ಣಿಲ್ಲದಿದ್ದರೂ ದುಡಿದು ತಿಂದರೆಂದು ಹೊಗಳಿ, ಇಂದಿನ ಹುಡುಗರಿಗೆ ಆ ಮಾತನ್ನು ಚಾಟಿಯಂತೆ ಬೀಸುತ್ತಾರೆ. ಇದನ್ನು ನಾನು ಒಪ್ಪಲಾರೆ. ಗವಾಯಿಗಳು ದುಡಿದದ್ದೂ ನಿಜ, ಬೇಡಿದ್ದೂ ನಿಜ. ಕಚೇರಿಯ ಸಂಭಾವನೆ ಅಷ್ಟು ಬಾಯಿಗಳಿಗೆ ಎಲ್ಲಿ ಸಾಕಾದೀತು? ಹಾಡುವುದನ್ನು ಬಿಡಲಿಲ್ಲ, ಜೋಳಿಗೆಯನ್ನೂ ಬಿಡಲಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲಿಲ್ಲ. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಕಣ್ಣಿಲ್ಲದ ಪುಟ್ಟರಾಜರೂ ಒಬ್ಬರೇ ಗುರುವಿನ ಬಳಿ, ಆ ದಾನದ ಅನ್ನವನ್ನೇ ಉಂಡು ಬೆಳೆದರು. ರಾಜಗುರುಗಳ ಗಾಯನವನ್ನು ಕೇಳುತ್ತ ತಲೆದೂಗಿದವರಾರೂ ಆ ಅನ್ನದ ಮೂಲವನ್ನು ಕೆದಕಿದಂತೆ ಕಾಣೆ.

1942ರಲ್ಲಿ ಗದಗಿನಲ್ಲಿ ಸ್ಥಿರವಾದ ನೆಲೆ ದೊರೆಯಿತು. ನೆರವಾದವರು ಬಸರಿಗಿಡದ ವೀರಪ್ಪನವರು. ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮವೆಂದೇ ಹೆಸರಾಯಿತು. ಪಡೆದದ್ದನ್ನು ಮರೆಮಾಚುವವರು ಬಾಗಿಲ ಮೇಲೆ ಕೊಟ್ಟವರ ಹೆಸರನ್ನು ಬರೆಸುವುದಿಲ್ಲ. ಆಶ್ರಮದ ನಾಟ್ಯಸಂಘದ ಹೆಸರೂ ಹಾಗೆಯೇ: ಅದು ಕುಮಾರೇಶ್ವರ ಕೃಪಾಪೋಷಿತ. ಇನ್ನೊಬ್ಬರ ಕೃಪೆಯಿಂದ ಪೋಷಣೆಗೊಂಡವರು ನಾವು ಎಂಬುದನ್ನು ಊರೂರಿನ ಗೋಡೆಗಳ ಮೇಲೆ, ನಾಟಕದ ಭಿತ್ತಿಪತ್ರದ ಮೊದಲ ಸಾಲಿನಲ್ಲಿಯೇ ಸಾರಿದ್ದಾರೆ. ವೃತ್ತಿ ನಾಟಕ ಮಂಡಳಿಗಳಲ್ಲಿ ಇದು ರೂಢಿಯ ಮಾತೆಂದು ಬಲ್ಲವರು ಹೇಳಿಯಾರು. ರೂಢಿಯೇ ಇರಲಿ, ಆ ಶಬ್ದಕ್ಕೆ ಇಲ್ಲಿರುವ ತೂಕ ಬೇರೆ.

ಗದಗಿನ ನೆಲೆಯನ್ನು ಅವರು ಹೆಚ್ಚು ಕಾಲ ಕಾಣಲಿಲ್ಲ. 1944ರ ಜೂನ್‌ನಲ್ಲಿ, ಐವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು. ಹಸಿದ ಮಕ್ಕಳ ಭಾರ ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂತು. ಅವರು 2010ರವರೆಗೆ ಅದನ್ನು ಹೊತ್ತರು. ಭಕ್ತರು ಊರೂರಿನಲ್ಲಿ ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯಗಳ ತುಲಾಭಾರ ಮಾಡುತ್ತಿದ್ದರು. ಆ ನಾಣ್ಯಗಳು ಆಶ್ರಮದ ಮಕ್ಕಳ ಊಟಕ್ಕೆ ಹೋಗುತ್ತಿದ್ದವು.

ಮರುವಾರ ಕೆರೆಯ ಏರಿಯ ಮೇಲೆ ಇದಿಷ್ಟನ್ನೂ ನನ್ನ ವಿದ್ಯಾರ್ಥಿಗೆ ಹೇಳಿದೆ. ಮಾಸಾಶನದ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, ತಕ್ಕಡಿಯ ತಟ್ಟೆಗೆ ನಾಣ್ಯ ಸುರಿಯುವ ಸದ್ದನ್ನು ಪುಟ್ಟರಾಜರು ಯಾವ ಶ್ರುತಿಯಲ್ಲಿ ಕೇಳಿಸಿಕೊಂಡಿರಬಹುದೆಂದು ನನ್ನನ್ನು ಕೇಳಿದ.