ಗುರುತ್ವದ ಗುಟ್ಟನ್ನರಿತ ಐಸಾಕ್ ನ್ಯೂಟನ್

ಮರದಿಂದ ಕಳಚಿದ ಹಣ್ಣು ನೆಲಕ್ಕೆ ಬೀಳುತ್ತದೆ. ಆಕಾಶದ ಚಂದ್ರನು ಬೀಳದೆ ಭೂಮಿಯನ್ನು ಸುತ್ತುತ್ತಾನೆ. ಭೂಲೋಕಕ್ಕೆ ಒಂದು ಕಟ್ಟಳೆ, ಗ್ರಹಲೋಕಕ್ಕೆ ಇನ್ನೊಂದು ಕಟ್ಟಳೆ ಎಂದು ಯುರೋಪಿನ ವಿದ್ವಾಂಸರು ಅರಿಸ್ಟಾಟಲನ ಕಾಲದಿಂದ ಬಹು ಶತಮಾನಗಳವರೆಗೆ ನಂಬಿದ್ದರು. ಈ ಎರಡನ್ನೂ ಒಂದೇ ನಿಯಮದಲ್ಲಿ ಬೆಸೆದ ಮಹಾಮತಿ ಸರ್ ಐಸಾಕ್ ನ್ಯೂಟನ್. ಹಣ್ಣಿನ ಕಥೆಯನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಆದರೆ ಆ ಹಣ್ಣಿನಿಂದ ಗ್ರಂಥದವರೆಗೆ ಸಂದ ಇಪ್ಪತ್ತು ವರ್ಷಗಳ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರಲ್ಲಿ ಒಬ್ಬ ಉಪಾಧ್ಯಾಯರ ಪಾಲೂ ಒಬ್ಬ ಮಿತ್ರನ ಪಾಲೂ ಇರುವುದರಿಂದ ಅದನ್ನಿಲ್ಲಿ ಸ್ಮರಿಸುವುದು ಉಚಿತವಾಗಿದೆ.

ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಆ ದೇಶದಲ್ಲಿ ಆಗ ರೂಢಿಯಲ್ಲಿದ್ದ ಹಳೆಯ ಪಂಚಾಂಗದಂತೆ 1642ರ ಡಿಸೆಂಬರ್ 25ರಂದು ನ್ಯೂಟನ್ ಜನಿಸಿದನು. ರೈತನಾಗಿದ್ದ ತಂದೆ ಅದಕ್ಕೆ ಕೆಲವೇ ತಿಂಗಳ ಮುಂಚೆ ತೀರಿಕೊಂಡಿದ್ದನು. ಮಗುವಿಗೆ ಮೂರು ವರ್ಷವಾದಾಗ ತಾಯಿ ಮರುಮದುವೆಯಾಗಿ ಬೇರೆ ಊರಿಗೆ ಹೋದಳು. ಮಗು ಅಜ್ಜಿಯ ಆಸರೆಯಲ್ಲಿ ಉಳಿಯಿತು. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಹುಡುಗನು ಸಮೀಪದ ಗ್ರಾಂಥಮ್ ಪಟ್ಟಣದ ಶಾಲೆಗೆ ಸೇರಿದನು. ಎರಡನೆಯ ಗಂಡನೂ ತೀರಿಹೋದ ಮೇಲೆ ಊರಿಗೆ ಮರಳಿದ್ದ ತಾಯಿ, ಬೆಳೆದ ಮಗನು ಹೊಲಮನೆ ನೋಡಿಕೊಳ್ಳಲೆಂದು ಅವನನ್ನು ಶಾಲೆ ಬಿಡಿಸಿದಳು. ಬೇಸಾಯದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಅವನು ಪುಸ್ತಕದಲ್ಲಿ ಮುಳುಗಿರುತ್ತಿದ್ದನು. ಸಾಕುಪ್ರಾಣಿಗಳು ಪರರ ಹೊಲ ಸೇರುತ್ತಿದ್ದವು.

ಆಗ ಶಾಲೆಯ ಮುಖ್ಯೋಪಾಧ್ಯಾಯರಾದ ಹೆನ್ರಿ ಸ್ಟೋಕ್ಸ್ ಅವರು ಸುಮ್ಮನೆ ಕೂರಲಿಲ್ಲ. ಆ ಹುಡುಗನನ್ನು ಮರಳಿ ಓದಿಗೆ ಕಳುಹಿಸಬೇಕೆಂದು ತಾಯಿಯನ್ನು ಒತ್ತಾಯಪಡಿಸಿದರು. ಅದಕ್ಕಾಗಿ ಶಾಲೆಯ ಶುಲ್ಕವನ್ನೂ ಬಿಟ್ಟುಕೊಡಲು ಮುಂದಾದರೆಂದು ನ್ಯೂಟನ್ನನ ಚರಿತ್ರಕಾರರು ಹೇಳುತ್ತಾರೆ. ಸೋದರಮಾವನೂ ದನಿಗೂಡಿಸಿದನು. ತಾಯಿ ಒಪ್ಪಿದಳು. 1661ರಲ್ಲಿ ನ್ಯೂಟನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದನು. ಸಿರಿವಂತರ ಸೇವೆ ಮಾಡಿ ಕಾಲೇಜಿನ ಖರ್ಚಿನಲ್ಲಿ ರಿಯಾಯಿತಿ ಪಡೆಯುವ ವಿದ್ಯಾರ್ಥಿಗಳ ವರ್ಗದಲ್ಲಿ ಅವನ ಹೆಸರು ದಾಖಲಾಯಿತು.

1665ರಲ್ಲಿ ಪ್ಲೇಗು ಹರಡಿ ವಿಶ್ವವಿದ್ಯಾಲಯ ಮುಚ್ಚಿತು. ನ್ಯೂಟನ್ ಹಳ್ಳಿಗೆ ಹಿಂದಿರುಗಿದನು. ತೋಟದಲ್ಲಿ ಸೇಬು ಬಿದ್ದುದನ್ನು ಕಂಡು ಚಿಂತನೆಗೆ ತೊಡಗಿದೆನೆಂದು ಅವನೇ ಮುಪ್ಪಿನಲ್ಲಿ ಆಪ್ತರಿಗೆ ತಿಳಿಸಿದ್ದನು. ಅವನಿಗೆ ಹೊಳೆದ ಪ್ರಶ್ನೆ ಸರಳವಾದುದು: ಹಣ್ಣನ್ನು ಸೆಳೆಯುವ ಶಕ್ತಿ ಚಂದ್ರನವರೆಗೂ ಏಕೆ ಚಾಚಿರಬಾರದು? ಚಂದ್ರನೂ ಬೀಳುತ್ತಲೇ ಇದ್ದಾನೆ. ಮುಂದಕ್ಕೆ ಸಾಗುವ ವೇಗವೂ ಇರುವುದರಿಂದ ನೆಲವನ್ನು ಮುಟ್ಟದೆ ಸುತ್ತುತ್ತಾನೆ. ಭೂಕೇಂದ್ರದಿಂದ ಚಂದ್ರನಿಗಿರುವ ದೂರ ಭೂಮಿಯ ತ್ರಿಜ್ಯದ 60 ಪಟ್ಟು. ಸೆಳೆತವು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಅಲ್ಲಿ ಅದು ಇಲ್ಲಿನದರ 3,600ರಲ್ಲಿ ಒಂದು ಪಾಲು ಆಗಬೇಕು. ಅಂದರೆ, ಹಣ್ಣು ಮೊದಲ ಒಂದು ಸೆಕೆಂಡಿನಲ್ಲಿ ಬೀಳುವ ಸುಮಾರು 4.9 ಮೀಟರಿನಷ್ಟನ್ನು ಬೀಳಲು ಚಂದ್ರನಿಗೆ ಒಂದು ನಿಮಿಷ ಬೇಕು.

ಲೆಕ್ಕವು ಸುಮಾರಾಗಿ ಹೊಂದಿತೇ ಹೊರತು ನಿಖರವಾಗಿ ಕೂಡಿಬರಲಿಲ್ಲ. ಭೂಮಿಯ ಗಾತ್ರಕ್ಕೆ ಅವನ ಬಳಿ ಇದ್ದ ಅಂಕಿಯೇ ತಪ್ಪಾಗಿತ್ತು. ಅಲ್ಲದೆ ಎಲ್ಲ ವಸ್ತುಗಳೂ ಒಂದನ್ನೊಂದು ಸೆಳೆಯುತ್ತವೆಂಬ ಪೂರ್ಣ ಕಲ್ಪನೆ ಅವನಲ್ಲಿ ಇನ್ನೂ ಮೂಡಿರಲಿಲ್ಲ. ಅವನು ಈ ವಿಚಾರವನ್ನು ಪ್ರಕಟಿಸದೆ ಬದಿಗಿಟ್ಟನು. ಫ್ರಾನ್ಸಿನ ಪಿಕಾರ್ 1670ರ ಸುಮಾರಿಗೆ ಭೂಮಿಯನ್ನು ಸರಿಯಾಗಿ ಅಳೆದನು. 1679ರಲ್ಲಿ ರಾಬರ್ಟ್ ಹುಕ್ ಬರೆದ ಪತ್ರಗಳು ನ್ಯೂಟನ್ನನ ಲಕ್ಷ್ಯವನ್ನು ಗ್ರಹಗಳ ಚಲನೆಯ ಕಡೆಗೆ ಪುನಃ ತಿರುಗಿಸಿದವು.

1684ರ ಆಗಸ್ಟಿನಲ್ಲಿ ಎಡ್ಮಂಡ್ ಹ್ಯಾಲಿ ಎಂಬ ತರುಣ ಖಗೋಳಜ್ಞನು ಕೇಂಬ್ರಿಜ್‌ಗೆ ಬಂದು, ವರ್ಗದ ಪ್ರಮಾಣದಲ್ಲಿ ಕುಗ್ಗುವ ಸೆಳೆತಕ್ಕೆ ಒಳಗಾದ ಗ್ರಹದ ಪಥ ಯಾವುದೆಂದು ಕೇಳಿದನು. ದೀರ್ಘವೃತ್ತವೆಂದು ನ್ಯೂಟನ್ ತಡೆಯದೆ ಹೇಳಿದನು; ಲೆಕ್ಕದ ಹಾಳೆಯನ್ನು ಹುಡುಕಿದರೆ ಸಿಗಲಿಲ್ಲ. ಹ್ಯಾಲಿಗೆ ಕೊಟ್ಟ ಮಾತಿನಂತೆ ಆ ನವೆಂಬರಿನಲ್ಲಿ ಅದನ್ನು ಹೊಸದಾಗಿ ಬರೆದು ಕಳುಹಿಸಿದನು. ಅಲ್ಲಿಂದ ಊಟ ನಿದ್ರೆಗಳ ಪರಿವೆಯಿಲ್ಲದೆ ದುಡಿದು ಮಹಾಗ್ರಂಥವಾದ 'ಪ್ರಿನ್ಸಿಪಿಯ'ವನ್ನು ರಚಿಸಿದನು.

ಆ ಗ್ರಂಥದ ತಿರುಳು ಪರಸ್ಪರತೆ. ಭೂಮಿ ಹಣ್ಣನ್ನು ಎಷ್ಟು ಬಲದಿಂದ ಸೆಳೆಯುವುದೋ ಅಷ್ಟೇ ಬಲದಿಂದ ಹಣ್ಣೂ ಭೂಮಿಯನ್ನು ಸೆಳೆಯುತ್ತದೆ. ಭೂಮಿಯ ದ್ರವ್ಯರಾಶಿ ಅಪಾರವಾದುದರಿಂದ ಅದರ ಕದಲಿಕೆ ನಮಗೆ ಕಾಣದು. ಚಂದ್ರನ ವಿಷಯದಲ್ಲಾದರೋ ಅದು ಕಡೆಗಣಿಸುವಂತಹುದಲ್ಲ. ಚಂದ್ರನ ದ್ರವ್ಯರಾಶಿ ಭೂಮಿಯ 81ರಲ್ಲಿ ಒಂದು ಪಾಲು; ಆದಕಾರಣ ಎರಡೂ ಭೂಕೇಂದ್ರದಿಂದ ಸುಮಾರು 4,700 ಕಿಲೋಮೀಟರ್ ದೂರದ, ಭೂಮಿಯೊಳಗೇ ಇರುವ ಬಿಂದುವೊಂದನ್ನು ಸುತ್ತುತ್ತವೆ. ಗುರು, ಶನಿ ಗ್ರಹಗಳೂ ಒಂದರ ನಡೆಯನ್ನೊಂದು ಅಲುಗಿಸುತ್ತವೆ. ಸಮುದ್ರದ ಭರತ ಇಳಿತಗಳು ಸೂರ್ಯಚಂದ್ರರ ಸೆಳೆತದ ಫಲ.

ಗ್ರಂಥ ಸಿದ್ಧವಾದರೂ ಅಚ್ಚಿಗೆ ಹಣವಿರಲಿಲ್ಲ. ರಾಯಲ್ ಸೊಸೈಟಿ ತನ್ನ ಹಣವನ್ನು ಮತ್ಸ್ಯಗಳ ಕುರಿತ ಪುಸ್ತಕವೊಂದಕ್ಕೆ ವೆಚ್ಚ ಮಾಡಿತ್ತು. ಹ್ಯಾಲಿ ಮುದ್ರಣದ ವೆಚ್ಚವನ್ನು ತಾನೇ ಹೊತ್ತು, ಕರಡನ್ನೂ ತಿದ್ದಿದನು. ಕೀರ್ತಿಯಲ್ಲಿ ಹುಕ್ ಪಾಲು ಕೇಳಿದಾಗ ನ್ಯೂಟನ್ ಕೆರಳಿ, ಮೂರನೆಯ ಭಾಗವನ್ನೇ ತಡೆಯಲು ಹೊರಟನು; ಹ್ಯಾಲಿಯೇ ಸಮಾಧಾನಪಡಿಸಿದನು. 1687ರ ಜುಲೈನಲ್ಲಿ ಗ್ರಂಥ ಹೊರಬಂದಿತು. ಆದರೆ ಹುಕ್‌ನಿಗೆ ಸಲ್ಲಬೇಕಾದುದನ್ನು ಉದಾರವಾಗಿ ಸಲ್ಲಿಸಲು ನ್ಯೂಟನ್ನನಿಂದಾಗಲಿಲ್ಲ. ಮಹಾಪುರುಷರ ಈ ಕೊರತೆಯನ್ನು ಮರೆಮಾಚುವುದು ತರವಲ್ಲ.

1696ರಲ್ಲಿ ಅವನು ಟಂಕಸಾಲೆಯ ಅಧಿಕಾರಿಯಾದನು. 1703ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದನು. 1705ರಲ್ಲಿ ಸರ್ ಪದವಿಯನ್ನು ಪಡೆದನು. ಹಳೆಯ ಪಂಚಾಂಗದಂತೆ 1727ರ ಮಾರ್ಚ್ 20ರಂದು ತೀರಿಕೊಂಡು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಸ್ಥನಾದನು. ಅವನ ನಿಯಮದ ಬಲದಿಂದ ಹ್ಯಾಲಿ ಮುಂಗಂಡಿದ್ದ ಧೂಮಕೇತು 1758ರ ಡಿಸೆಂಬರಿನಲ್ಲಿ ಮರಳಿ ಕಾಣಿಸಿತು. ಅದನ್ನು ನೋಡಲು ಇಬ್ಬರೂ ಬದುಕಿರಲಿಲ್ಲ. ಸೀಸದ ಗುಂಡುಗಳು ಸಹ ಸೆಳೆಯುವುದನ್ನು 1798ರಲ್ಲಿ ಪ್ರಕಟವಾದ ಕ್ಯಾವೆಂಡಿಷನ ಪ್ರಯೋಗ ಅಳೆದು ತೋರಿಸಿತು. 1846ರಲ್ಲಿ ಯುರೇನಸ್‌ನ ನಡೆಯ ವ್ಯತ್ಯಾಸದಿಂದಲೇ ನೆಪ್ಚೂನ್ ಪತ್ತೆಯಾಯಿತು. 1915ರಲ್ಲಿ ಐನ್‌ಸ್ಟೈನ್ ಗುರುತ್ವಕ್ಕೆ ಹೆಚ್ಚು ಆಳವಾದ ವಿವರಣೆಯನ್ನಿತ್ತನು. ಆದರೂ ಗಗನನೌಕೆಗಳ ಪಥವನ್ನು ಲೆಕ್ಕಹಾಕಲು ನ್ಯೂಟನ್ನನ ಸೂತ್ರವೇ ಇಂದಿಗೂ ಬಹುಮಟ್ಟಿಗೆ ಸಾಕಾಗುತ್ತದೆ.

ಅಲ್ಪವಾದ ಹಣ್ಣೂ ಭೂಮಿಯನ್ನು ಸೆಳೆಯುತ್ತದೆಂದು ನ್ಯೂಟನ್ ಜಗತ್ತಿಗೆ ತೋರಿಸಿದನು. ಗ್ರಾಂಥಮ್‌ನ ಉಪಾಧ್ಯಾಯರು ಹೊಲದಿಂದ ಅವನನ್ನು ಶಾಲೆಗೆ ಸೆಳೆದಿರದಿದ್ದರೆ, ಹ್ಯಾಲಿ ತನ್ನ ಹಣವನ್ನು ವೆಚ್ಚಮಾಡಿರದಿದ್ದರೆ, ಆ ಮಾತು ಆ ಮಹಾಮತಿಯಿಂದ ಹೊರಬರುತ್ತಿತ್ತೋ ಇಲ್ಲವೋ. ಪಾಠ ಹೇಳುವವರೂ ವಿದ್ಯೆಗೆ ನೆರವಾಗುವವರೂ ನೆನಪಿಡತಕ್ಕ ಸಂಗತಿಯಿದು.