ಹೊಲಕ್ಕೆ ಬಂದು ರೋಗ ನೋಡಿದ ಡಾ. ಕೋಲ್‌ಮನ್



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಹಲವರು ಹೋಗಿರಬಹುದು. ಕೆಲವರು ಮೂಟೆ ಹೊತ್ತು ಮಾರಾಟಕ್ಕೂ ಹೋಗಿರಬಹುದು. ಇಂದು ಅಲ್ಲಿ ಹೊಲದ ಗುರುತು ಕಾಣುವುದಿಲ್ಲ. ಆದರೆ ಬಸವನಗುಡಿ ಇರುವ ಜಾಗ ಹಿಂದೆ ಸುಂಕೇನಹಳ್ಳಿ. ಮಲ್ಲೇಶ್ವರ ಇರುವ ಜಾಗ ಮಲ್ಲಾಪುರ. ಎರಡೂ ಬೇಸಾಯದ ಹಳ್ಳಿಗಳೇ. ಪೇಟೆಯ ಪಕ್ಕದಲ್ಲಿ ಚಾಮರಾಜಪೇಟೆ 1892ರಲ್ಲಿ ಎದ್ದಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ತತ್ತರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳೂ ಹೊಸ ಬಡಾವಣೆಗಳಾಗಿ ಬೆಳೆದವು.

ಊರು ಹೀಗೆ ಹೊಲದ ಮೇಲೆ ಹಬ್ಬುತ್ತಿದ್ದ ಅದೇ ಕಾಲದಲ್ಲಿ, ಮಲ್ಲೇಶ್ವರದಿಂದ ಉತ್ತರಕ್ಕೆ ಕೆಲವೇ ಮೈಲಿ ದೂರದ ಹೆಬ್ಬಾಳದಲ್ಲಿ ಹೊಲವನ್ನು ಹೊಲವಾಗಿಯೇ ಉಳಿಸಿ ಅಭ್ಯಾಸ ಮಾಡುವ ಕೆಲಸ ಆರಂಭವಾಯಿತು. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕಾಗಿ ಕೊಟ್ಟರು. ಡಾ. ಲೇಮನ್ ಎಂಬ ರಸಾಯನ ಶಾಸ್ತ್ರಜ್ಞರು ಮಣ್ಣು, ಗೊಬ್ಬರಗಳ ಪರೀಕ್ಷೆಗೆ ತೊಡಗಿದರು. ಕೆಲವು ವರ್ಷಗಳ ನಂತರ ಈ ಕೆಲಸಕ್ಕೆ ಬಂದು ಸೇರಿದವರು ಡಾ. ಲೆಸ್ಲಿ ಕೋಲ್‌ಮನ್. ಅಡಿಕೆ ಕೊನೆಗೆ ಮದ್ದು ಹೊಡೆಯುವ ಮಲೆನಾಡಿನವರು, ರಾಗಿ ಬಿತ್ತುವ ಬಯಲು ಸೀಮೆಯವರು, ಕಬ್ಬು ಬೆಳೆಯುವ ಮಂಡ್ಯದವರು, ಎಲ್ಲರೂ ಇವರ ಋಣದಲ್ಲಿರುವವರು. ಅವರ ಜೀವನವನ್ನು ಈ ವಾರ ನಿಮಗೆ ಪರಿಚಯಿಸುತ್ತೇವೆ.

ಕೆನಡಾದಿಂದ ಮೈಸೂರಿಗೆ

ಕೋಲ್‌ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರ ವಯಸ್ಸು ಮೂವತ್ತು. ಬೆಳೆಗೆ ಬೀಳುವ ಬೂಷ್ಟು ರೋಗಗಳನ್ನೂ ಕೀಟಗಳನ್ನೂ ಅಭ್ಯಾಸ ಮಾಡುವುದು ಅವರಿಗೆ ವಹಿಸಿದ ಕೆಲಸ.

ಆಗಿನ ಪರಿಸ್ಥಿತಿಯನ್ನು ನೀವು ಸ್ವಲ್ಪ ಊಹಿಸಿಕೊಳ್ಳಿ. ಬೆಳೆಗೆ ರೋಗ ಬಿದ್ದರೆ ದೇವರಿಗೆ ಹರಕೆ ಹೊರುವುದು, ಇಲ್ಲವೇ ಹಿರಿಯರು ಕಂಡುಕೊಂಡ ಉಪಾಯ ಮಾಡುವುದು, ಅದೂ ಆಗದಿದ್ದರೆ ಸಾಲ ತಂದು ಮುಂದಿನ ಮಳೆಗೆ ಕಾಯುವುದು. ಎರಡು ಮೂರು ಎಕರೆಯ ಒಕ್ಕಲಿಗೆ ಒಂದು ಬೆಳೆ ಹೋದರೆ ಹಗೇವಿನ ರಾಗಿ ಬರಿದಾಗುತ್ತಿತ್ತು. ಎರಡು ಬೆಳೆ ಹೋದರೆ ಎತ್ತು ಮಾರಬೇಕಾಗುತ್ತಿತ್ತು. ಎತ್ತು ಹೋದ ಮೇಲೆ ಹೊಲ ಉಳಿಯುವುದು ಕಷ್ಟ. ಬೆಳೆ ರೋಗವೆಂದರೆ ಸಂಸಾರದ ಅನ್ನದ ಪ್ರಶ್ನೆಯಾಗಿತ್ತು.

ಕೊಳೆ ರೋಗದ ಮೂಲ

ಮಲೆನಾಡಿನ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಬರುವ ಕೊಳೆ ರೋಗ ಕೋಲ್‌ಮನ್ನರು ಕೈಗೆತ್ತಿಕೊಂಡ ಮೊದಲ ದೊಡ್ಡ ಸಮಸ್ಯೆ. ಆರಿದ್ರಾ, ಪುನರ್ವಸು ಮಳೆ ಬಿಡದೆ ಹಿಡಿದಾಗ ಎಳೆಯ ಕಾಯಿಗಳ ಮೇಲೆ ನೀರು ತುಂಬಿದಂಥ ಕಡುಹಸಿರು ಮಚ್ಚೆ ಬೀಳುತ್ತದೆ. ಕಾಯಿ ಕೊಳೆತು ಉದುರುತ್ತದೆ. ಅದರ ಮೇಲೆ ಬಿಳಿಯ ಬೂಷ್ಟು ಕಾಣಿಸುತ್ತದೆ. ತೋಟದವರು ಹಿಂದಿನಿಂದಲೂ ಅಡಿಕೆ ಹಾಳೆ, ಹುಲ್ಲುಗಳಿಂದ ಕೊಟ್ಟೆ ಮಾಡಿ ಕೊನೆಗೆ ಕಟ್ಟುತ್ತಿದ್ದರು. ಮಳೆ ನೀರು ಕಾಯಿಗೆ ತಾಗದಿದ್ದರೆ ರೋಗ ಬಾರದೆಂಬುದು ಅವರ ಅನುಭವ.

ಕೋಲ್‌ಮನ್ ಈ ಅನುಭವದ ಹಿಂದಿನ ಕಾರಣವನ್ನು ಹುಡುಕಿದರು. ರೋಗ ತಗುಲಿದ ಕಾಯಿಗಳಿಂದ ಬೂಷ್ಟನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅದು ಫೈಟೋಫ್ತೋರ ಎಂಬ ಜಾತಿಗೆ ಸೇರಿದ್ದೆಂದು ತಿಳಿಯಿತು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಯನ್ನು ಹಾಳುಮಾಡಿ ಭೀಕರ ಕ್ಷಾಮ ತಂದದ್ದೂ ಇದರ ಬಳಗವೇ. ಇದರ ಬೀಜಕಣಗಳು ನೀರಿನ ತೇವದಲ್ಲಿ ಈಜಿ ಹರಡುತ್ತವೆ. ಆದ್ದರಿಂದಲೇ ಮಳೆ ಮತ್ತು ಗಾಳಿ ಒಟ್ಟಿಗೆ ಇದ್ದಾಗ ರೋಗ ಮರದಿಂದ ಮರಕ್ಕೆ ಹಾಯುವುದು. ಕೊಟ್ಟೆ ಕಟ್ಟುತ್ತಿದ್ದ ಹಿರಿಯರ ತಿಳಿವಳಿಕೆ ಸರಿಯಾಗಿಯೇ ಇತ್ತು. ಆದರೆ ಪ್ರತಿ ಕೊನೆಗೂ ಕೊಟ್ಟೆ ಕಟ್ಟಲು ಆಳು, ಸಮಯ ಎರಡೂ ಹೆಚ್ಚು ಬೇಕಾಗುತ್ತಿತ್ತು. ಅವರು ತಮ್ಮ ವರದಿಯನ್ನು 1910ರಲ್ಲಿ ಪ್ರಕಟಿಸಿದರು.

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ಬೂಷ್ಟು ರೋಗಕ್ಕೆ 1885ರ ವೇಳೆಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಬಳಕೆಗೆ ಬಂದಿತ್ತು. ಕೋಲ್‌ಮನ್ ಅದನ್ನು ಅಡಿಕೆಗೆ ಹೊಂದಿಸಿದರು. ಮಲೆನಾಡಿನ ಜಡಿಮಳೆಯಲ್ಲಿ ದ್ರಾವಣ ತೊಳೆದು ಹೋಗುವುದನ್ನು ತಡೆಯಲು ರಾಳ ಮತ್ತು ಸೋಡ ಕುದಿಸಿದ ಅಂಟನ್ನು ಅದಕ್ಕೆ ಸೇರಿಸಿದರು. ಮೈಲುತುತ್ತ, ಸುಣ್ಣ, ರಾಳ ಇವೆಲ್ಲ ಪೇಟೆಯಲ್ಲಿ ಸಿಗುವ ವಸ್ತುಗಳು. ಮರ ಹತ್ತುವ ಕೊನೆಗಾರ ತೋಟದಲ್ಲಿ ಇದ್ದೇ ಇದ್ದ. ಸಣ್ಣ ತೋಟದವನ ಕೈಗೆ ಎಟುಕುವ ಮದ್ದು ಆಗಿದ್ದರಿಂದಲೇ ಇದು ಹಳ್ಳಿಹಳ್ಳಿಗೆ ಹಬ್ಬಿತು.

ನೀವು ಇಂದು ಮಾಡುವುದೂ ಇದನ್ನೇ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಮೂರನೆಯ ಪಾತ್ರೆಗೆ ಎರಡನ್ನೂ ಒಟ್ಟಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ತಯಾರಾದ ಮೇಲೆ ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು ಅದಾದ 40–45 ದಿನಕ್ಕೆ. ಉದುರಿದ ಕೊಳೆಗಾಯಿಗಳನ್ನು ಆರಿಸಿ ನಾಶ ಮಾಡುವುದೂ ಅಷ್ಟೇ ಮುಖ್ಯ.

ಜೋಳದ ಹೊಲದ ಮಿಡತೆ

ಬಯಲು ಸೀಮೆಯಲ್ಲಿ ಜೋಳಕ್ಕೆ ಮುತ್ತುತ್ತಿದ್ದ ಮಿಡತೆಯ ಕಡೆಗೂ ಕೋಲ್‌ಮನ್ ಗಮನ ಹರಿಸಿದರು. ಈ ಮಿಡತೆಗೆ ಹಾರುವ ರೆಕ್ಕೆಯಿಲ್ಲ. ಸುಗ್ಗಿಯ ಮುಂಚೆ ನೆಲದೊಳಗೆ ಮೊಟ್ಟೆಯಿಟ್ಟು ಸಾಯುತ್ತದೆ. ಮುಂಗಾರಿನ ತೇವ ತಗುಲಿದಾಗ ಮರಿಗಳು ಹೊರಬಂದು ಎಳೆಯ ಪೈರನ್ನು ತಿನ್ನುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಈ ಜೀವನಕ್ರಮ ತಿಳಿದ ಮೇಲೆ ಉಪಾಯವೂ ಹೊಳೆಯಿತು. ಬೇಸಿಗೆಯಲ್ಲಿ ನೆಲ ಉತ್ತು ಮೊಟ್ಟೆಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು. ಮರಿಗಳು ಚಿಕ್ಕವಿರುವಾಗಲೇ ಬಟ್ಟೆಯ ಚೀಲಗಳನ್ನು ಪೈರಿನ ಮೇಲೆ ಎಳೆದು ಹಿಡಿಯುವುದು. ಮದ್ದಿಗೆ ಕಾಸಿಲ್ಲದ ರೈತನೂ ಮಾಡಬಹುದಾದ ಕೆಲಸ ಇದು. ಕೀಟ ವಿಜ್ಞಾನಿಗಳು ಈ ಮಿಡತೆಯ ಕುಲಕ್ಕೆ ಕೋಲ್‌ಮನ್ನರ ಹೆಸರನ್ನೇ ಸೇರಿಸಿ ಕೋಲ್‌ಮೇನಿಯ ಎಂದು ಕರೆದರು. ಇಂಥ ಕೆಲಸದಲ್ಲಿ ಅವರ ಜೊತೆಗಿದ್ದ ಕೆ. ಕುಂಞಿಕಣ್ಣನ್ ಮುಂದೆ ಸಂಸ್ಥಾನದ ಕೀಟ ಶಾಸ್ತ್ರಜ್ಞರಾಗಿ ಹೆಸರು ಮಾಡಿದರು.

ಹೆಬ್ಬಾಳದ ರಾಗಿ

1913ರಲ್ಲಿ ಕೋಲ್‌ಮನ್ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ವಿಶ್ವೇಶ್ವರಯ್ಯನವರು ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ರಾಗಿ ತಳಿ ಸುಧಾರಣೆಯೂ ಅಲ್ಲಿ ಆರಂಭವಾಯಿತು.

ರಾಗಿಯನ್ನು ಬಡವರ ಧಾನ್ಯವೆಂದು ಕಡೆಗಣಿಸುವವರು ಆಗಲೂ ಇದ್ದರು. ಆದರೆ ನಮ್ಮ ಒಕ್ಕಲು ಮನೆಯ ಇಡೀ ವರ್ಷ ನಿಂತಿರುವುದು ರಾಗಿಯ ಮೇಲೆ ಎಂಬುದು ನಿಮಗೆ ಗೊತ್ತು. ಮಾಗಿ ಉಳುಮೆ, ಗೊಬ್ಬರ ಹೊಡೆಯುವುದು, ಹದ ನೋಡಿ ಕೂರಿಗೆಯಲ್ಲಿ ಬಿತ್ತುವುದು, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು, ಕುಂಟೆ ಹೊಡೆಯುವುದು, ಕಳೆ ಕೀಳುವುದು, ಕೊಯ್ದು ಮೆದೆ ಹಾಕುವುದು, ಕಣದಲ್ಲಿ ಗುಂಡು ಹೊಡೆಯುವುದು, ಕಾಳು ಹಗೇವಿಗೆ, ಹುಲ್ಲು ದನಕ್ಕೆ. ಮನೆಯವರಿಗೂ ಎತ್ತಿಗೂ ಒಂದೇ ಬೆಳೆಯಿಂದ ಹೊಟ್ಟೆ ತುಂಬಬೇಕು. ಇಳುವರಿ ಸ್ವಲ್ಪ ಹೆಚ್ಚಿದರೂ ಬರಗಾಲದ ಭಯ ಅಷ್ಟು ದೂರವಾಗುತ್ತದೆ.

ಅವರು ಅನುಸರಿಸಿದ ವಿಧಾನ ಸರಳ. ನಾಟಿ ರಾಗಿಯ ಹೊಲದಲ್ಲಿ ಎಲ್ಲ ತೆನೆಗಳೂ ಒಂದೇ ಬಗೆಯಾಗಿರುವುದಿಲ್ಲ. ಅದರಲ್ಲಿ ಉತ್ತಮ ತೆನೆಗಳನ್ನು ಆರಿಸಿ, ಒಂದೊಂದು ತೆನೆಯ ಕಾಳನ್ನು ಒಂದೊಂದು ಪ್ರತ್ಯೇಕ ಸಾಲಿನಲ್ಲಿ ಬಿತ್ತುವುದು. ವರ್ಷ ವರ್ಷ ಹೋಲಿಸಿ ನೋಡಿ, ಕೆಳಮಟ್ಟದ ಸಾಲುಗಳನ್ನು ಕೈಬಿಟ್ಟು ಉತ್ತಮವಾದುದನ್ನು ಹೆಚ್ಚಿಸುವುದು. ರಾಗಿ ಬಹುತೇಕ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಆದ್ದರಿಂದ ಹೀಗೆ ಆರಿಸಿದ ಗುಣ ಮುಂದಿನ ಪೀಳಿಗೆಗಳಲ್ಲಿ ಹೆಚ್ಚು ಕೆಡದೆ ಉಳಿಯುತ್ತದೆ. ರೈತ ಬಿತ್ತನೆ ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಹೀಗೆ ಬಂದ ಎಚ್. 22 ಎಂಬ ತಳಿ 1918ರಲ್ಲಿ ರೈತರ ಕೈ ಸೇರಿತು. ಎಚ್ ಎಂದರೆ ಹೆಬ್ಬಾಳ. ಮುಂದೆ 1970ರ ದಶಕದಿಂದ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಈ ದಾರಿಯ ಮೊದಲ ಹೆಜ್ಜೆ ಹೆಬ್ಬಾಳದ್ದು.

ದನಕರು, ಕಾಫಿ, ಕಬ್ಬು

ಒಕ್ಕಲುತನದಲ್ಲಿ ಬೆಳೆ ಬೇರೆ, ದನ ಬೇರೆ ಅಲ್ಲ. ಹಿಂದೆ ಸೈನ್ಯದ ಸಾಗಾಟಕ್ಕೆಂದು ಸಾಕುತ್ತಿದ್ದ ಅಮೃತ ಮಹಲ್ ದನಗಳ ಆಡಳಿತ 1923ರಲ್ಲಿ ಕೃಷಿ ಇಲಾಖೆಗೆ ಬಂದಿತು. ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ದೊಡ್ಡ ರೋಗಕ್ಕೆ ಲಸಿಕೆ ತಯಾರಿಸಲು ಬೆಂಗಳೂರಿನಲ್ಲಿ 1925ರಲ್ಲಿ ಸೀರಂ ಸಂಸ್ಥೆ ಆರಂಭವಾದದ್ದೂ ಕೋಲ್‌ಮನ್ನರ ಕಾಲದಲ್ಲಿಯೇ. ಆ ರೋಗ ಇಂದು ಇಲ್ಲ. 2011ರಲ್ಲಿ ಅದು ಇಡೀ ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ದನದ ಮೈಗೆ ಸೂಜಿ ಚುಚ್ಚಿಸಲು ಹೆದರುವವರು ಇದನ್ನು ನೆನಪಿನಲ್ಲಿಡಬೇಕು.

ಕಾಫಿ ಬೆಳೆಯ ರೋಗಗಳ ಸಂಶೋಧನೆಗೆ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕೇಂದ್ರ ತೆರೆಯಲು ಅವರೇ ಮುಂದಾದರು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಒಣ ಭೂಮಿಗೆ ಬರುವ ಹೊತ್ತಿಗೆ, ಆ ನೀರಿನಲ್ಲಿ ಏನು ಬೆಳೆಯಬೇಕು, ಬೆಳೆದದ್ದನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. ಹಿಂದಿನವರು ಬೆಳೆಯುತ್ತಿದ್ದುದು ರಸದಾಳಿ, ಪಟ್ಟಾಪಟ್ಟಿ ಕಬ್ಬು, ಮಾಡುತ್ತಿದ್ದುದು ಬೆಲ್ಲ. ಹೆಬ್ಬಾಳದಲ್ಲಿ ಎಚ್.ಎಂ. ಹೆಸರಿನ ಹೊಸ ಕಬ್ಬಿನ ತಳಿಗಳು ತಯಾರಾದವು. ನಾಲೆಯ ಬಯಲಿನಲ್ಲಿ ಪ್ರಯೋಗದ ಜಮೀನು ಏರ್ಪಟ್ಟಿತು. ಸಕ್ಕರೆ ಕಾರ್ಖಾನೆ ಬೇಕೆಂದು ಸರಕಾರಕ್ಕೆ ಒತ್ತಿ ಹೇಳಿದವರಲ್ಲಿ ಕೋಲ್‌ಮನ್ ಪ್ರಮುಖರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನೀರು, ತಳಿ, ಮಾರಾಟ ಮೂರೂ ಕೂಡಿ ಬಂದದ್ದರಿಂದ ಮಂಡ್ಯದ ಮುಖವೇ ಬದಲಾಯಿತು.

ರೈತನ ಹೊಲವೇ ಪ್ರಯೋಗಶಾಲೆ

ಇಲಾಖೆಯ ಜಮೀನಿನಲ್ಲಿ ಬಂದ ಫಲ ರೈತನ ಜಮೀನಿನಲ್ಲಿಯೂ ಬರುತ್ತದೆಂದು ಕೋಲ್‌ಮನ್ ಸುಮ್ಮನೆ ನಂಬಲಿಲ್ಲ. 1910ರ ದಶಕದ ಕೊನೆಯಲ್ಲಿ ಹುಟ್ಟಿದ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘದಲ್ಲಿ ಬೇಸಾಯಗಾರರೂ ಸದಸ್ಯರಾಗಿ, ಹೊಸ ಬೀಜ, ಹೊಸ ಗೊಬ್ಬರಗಳನ್ನು ತಮ್ಮ ತಮ್ಮ ಹೊಲದಲ್ಲಿ ಪರೀಕ್ಷಿಸಿ ನೋಡುತ್ತಿದ್ದರು. ಅವರ ಹುಟ್ಟೂರಿನ ಪ್ರಾಂತ್ಯವಾದ ಒಂಟಾರಿಯೊದಲ್ಲಿಯೂ ಇಂಥದೇ ಸಂಘ ಆಗಲೇ ನಡೆಯುತ್ತಿತ್ತು.

1934ರಲ್ಲಿ ಕೋಲ್‌ಮನ್ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಹಿಂದಿರುಗಿದರು. ಅಲ್ಲಿಯೂ ಸಂಶೋಧನೆ ಬಿಡಲಿಲ್ಲ. 1954ರಲ್ಲಿ ತೀರಿಕೊಂಡರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು.

ಅವರು ಹಿಡಿದ ಕೆಲಸವೆಲ್ಲ ಮುಗಿದಿದೆ ಎನ್ನುವಂತಿಲ್ಲ. ಕೊಳೆ ರೋಗ ಇನ್ನೂ ಇದೆ. 2013, 2018ರಂಥ ವರ್ಷಗಳಲ್ಲಿ ಮಳೆ ಹೊಳವು ಕೊಡದೆ ಸುರಿದಾಗ ಎರಡನೆಯ ಸಿಂಪಡಣೆಗೆ ಅವಕಾಶವೇ ಸಿಗದೆ ಬಹಳ ತೋಟಗಳು ನಷ್ಟ ಅನುಭವಿಸಿದವು. ಮರ ಹತ್ತುವವರೂ ವಿರಳವಾಗುತ್ತಿದ್ದಾರೆ. ನೆರೆಯ ತೋಟದವನು ಮದ್ದು ಹೊಡೆಯದಿದ್ದರೆ ನಿಮ್ಮ ತೋಟಕ್ಕೂ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಊರಿನ ತೋಟದವರೆಲ್ಲ ಕೂಡಿ, ಒಂದೇ ವಾರದಲ್ಲಿ ಮೊದಲ ಸಿಂಪಡಣೆ ಮುಗಿಸುವ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಹೊಸ ಬೀಜವೋ ಹೊಸ ಮದ್ದೋ ಊರಿಗೆ ಬಂದಾಗ ಕೋಲ್‌ಮನ್ನರ ಕ್ರಮವನ್ನು ನೀವೂ ಅನುಸರಿಸಬಹುದು. ಇಡೀ ಹೊಲಕ್ಕೆ ಒಮ್ಮೆಗೇ ಹಾಕಬೇಡಿ. ಐದಾರು ಗುಂಟೆಯಲ್ಲಿ ಹೊಸದನ್ನು ಹಾಕಿ, ಅದರ ಪಕ್ಕದಲ್ಲಿ ಅಷ್ಟೇ ಜಾಗದಲ್ಲಿ ಹಳೆಯದನ್ನು ಬಿಡಿ. ಗೊಬ್ಬರ, ಬಿತ್ತನೆಯ ದಿನ, ಕಳೆ ಎಲ್ಲವೂ ಎರಡಕ್ಕೂ ಒಂದೇ ಸಮ ಇರಲಿ. ಸುಗ್ಗಿಯಲ್ಲಿ ಎರಡನ್ನೂ ಬೇರೆ ಬೇರೆ ಒಕ್ಕಿ, ಕಾಳು ಹುಲ್ಲುಗಳನ್ನು ಅಳೆದು, ಖರ್ಚಿನ ಲೆಕ್ಕದ ಜೊತೆ ಬರೆದಿಡಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ, ಮೂರನೆಯ ವರ್ಷ ಏನು ಬಿತ್ತಬೇಕೆಂದು ಅಂಗಡಿಯವನನ್ನು ಕೇಳುವ ಅಗತ್ಯವಿರುವುದಿಲ್ಲ.