ಓಲೆಗರಿಯ ಕಟ್ಟು ಬಿಚ್ಚಿದ ವಕೀಲರು

ಶ್ರಾವಣದ ಪ್ರವಚನಕ್ಕೆ ಬರುವ ತಾಯಂದಿರು ಬಸವಣ್ಣನವರ, ಅಲ್ಲಮಪ್ರಭುದೇವರ, ಅಕ್ಕಮಹಾದೇವಿಯವರ ವಚನಗಳನ್ನು ತಡೆಯಿಲ್ಲದೆ ಹೇಳುವುದನ್ನು ಕೇಳಿದರೆ ಮನಸ್ಸು ತುಂಬಿ ಬರುತ್ತದೆ. ಆದರೆ ಈ ವಚನಗಳು ನಮ್ಮ ಕೈಗೆ ಬಂದದ್ದು ಹೇಗೆ ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. 12ನೆಯ ಶತಮಾನದ ಕಲ್ಯಾಣದಿಂದ ಅವು ನೇರವಾಗಿ ನಮ್ಮ ನಾಲಿಗೆಗೆ ಇಳಿದು ಬಂದವೆಂದು ತಿಳಿದವರೂ ಉಂಟು. ಸದ್ಭಕ್ತರೆ, ಹಾಗಲ್ಲ. ನಡುವಿನ ಶತಮಾನಗಳಲ್ಲಿ ಅವು ಓಲೆಗರಿಗಳಲ್ಲಿ ಅಡಗಿದ್ದವು. ಅವನ್ನು ಹುಡುಕಿ ತಂದು ಓದಿ, ಹೋಲಿಸಿ, ಅಚ್ಚು ಹಾಕಿಸುವುದಕ್ಕೆ ತಮ್ಮ ಆಯುಷ್ಯವನ್ನೇ ಸವೆಸಿದವರು ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಅವರ ಜನನ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಮುಂಬಯಿಗೆ ಹೋಗಿ ವಿಜ್ಞಾನ ಓದಿ, ಮೇಲೆ ಕಾನೂನು ಪದವಿಯನ್ನು ಪಡೆದು, 1904ರಲ್ಲಿ ಊರ ಕಡೆ ಬಂದರು. ಕೆಲಕಾಲ ಬೆಳಗಾವಿಯಲ್ಲಿದ್ದು ಅನಂತರ ಅಂದಿನ ಬಿಜಾಪುರದಲ್ಲಿ ನೆಲೆಸಿದರು. 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1920ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯತ್ವ ಹೀಗೆ ಅವರ ಸಾರ್ವಜನಿಕ ಜೀವನ ದೊಡ್ಡದು. ಅದರ ವಿವರ ಬೇರೆಡೆ ಸಿಗುತ್ತದೆ.

ಅವರ ಜೀವನದ ದಿಕ್ಕನ್ನು ತಿರುಗಿಸಿದ್ದು ರಬಕವಿಯ ಮಂಚಾಲೆಯವರ ಮನೆಯಲ್ಲಿ ಕಂಡ ತಾಡೋಲೆಯ ಕಟ್ಟುಗಳು. ಆ ಕಾಲದಲ್ಲಿ ಇಂಥ ಕಟ್ಟುಗಳು ಅನೇಕ ಮನೆಗಳ ಜಗಲಿಯ ಮೇಲೆ, ಮಠಗಳ ಗವಿಗತ್ತಲೆಯಲ್ಲಿ ಇದ್ದವು. ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಅಪರೂಪ. ಓದದೆ ಪೂಜಿಸಿದ ಗ್ರಂಥವನ್ನು ಕೊನೆಗೆ ಓದುವುದು ಗೆದ್ದಲು! ಕಟುವಾದ ಮಾತಾದರೂ ಹೇಳಲೇಬೇಕು.

ಹಳಕಟ್ಟಿಯವರು ಊರೂರು ತಿರುಗಿದರು. ಕೇಳಿದ ತಕ್ಷಣ ಮನೆದೇವರಂತೆ ಕಾಪಾಡಿದ ಕಟ್ಟನ್ನು ಪರರ ಕೈಗೆ ಯಾರು ಕೊಟ್ಟಾರು? ತಂದ ಮೇಲೂ ಕೆಲಸ ಸುಲಭವಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ, ಅಂಚು ಮುರಿದಿರುತ್ತದೆ, ನಕಲು ಮಾಡಿದವನು ಒಂದು ಸಾಲನ್ನು ಬಿಟ್ಟಿರುತ್ತಾನೆ, ಇಲ್ಲವೆ ತನ್ನದೊಂದು ಸಾಲನ್ನು ಸೇರಿಸಿರುತ್ತಾನೆ. ಆದ್ದರಿಂದ ಒಂದೇ ಪ್ರತಿಯನ್ನು ನಂಬುವಂತಿಲ್ಲ. ನ್ಯಾಯಾಲಯದಲ್ಲಿ ದಸ್ತಾವೇಜನ್ನು ಪರೀಕ್ಷಿಸಿ ಬಲ್ಲ ವಕೀಲರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿಗೆ ಪ್ರತಿಯನ್ನು ಹೋಲಿಸಿದರು. ವಚನದ ಕೊನೆಯ ಅಂಕಿತವನ್ನು ಹಿಡಿದು ಅದು ಯಾವ ಶರಣರದೆಂದು ಗುರುತಿಸಿದರು. ಅದುವರೆಗೆ ಸಾಹಿತ್ಯ ಚರಿತ್ರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತು; ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ಮಡಿವಾಳರು, ಅಂಬಿಗರು, ಹೊಲೆ ಮಾದಿಗ ಕುಲದಲ್ಲಿ ಹುಟ್ಟಿದ ಶರಣರು, ಕೂಲಿ ಮಾಡಿ ಬದುಕಿದ ಶರಣೆಯರು, ಇವರೆಲ್ಲ ಹೆಸರು ಪಡೆದು ಎದ್ದು ನಿಂತರು.

ಇದರ ಮಹತ್ವ ತಿಳಿಯಬೇಕಾದರೆ ಅಂದಿನ ಇನ್ನೊಂದು ವಾದವನ್ನು ನೆನೆಯಬೇಕು. ಶಾಸನ ವಿದ್ವಾಂಸರಾದ ಫ್ಲೀಟ್ ಸಾಹೇಬರು ಅಬ್ಬಲೂರಿನ ಶಾಸನವನ್ನು ಓದಿ, ಏಕಾಂತದ ರಾಮಯ್ಯನಿಗೆ ಹಿರಿಯ ಸ್ಥಾನ ಕೊಟ್ಟು, ಬಸವಣ್ಣನವರ ಪಾತ್ರದ ಬಗೆಗೆ ಸಂಶಯ ಎತ್ತಿದ್ದರು. ಪುರಾಣದ ಪವಾಡಗಳನ್ನು ಮುಂದಿಟ್ಟರೆ ಈ ಸಂಶಯ ನಿವಾರಣೆಯಾಗುತ್ತಿರಲಿಲ್ಲ, ಅದಕ್ಕೆ ದಾಖಲೆಯೇ ಬೇಕಿತ್ತು. ಮುಂದೆ ಹುಕ್ಕೇರಿ ಸೀಮೆಯ ಅರ್ಜುನವಾಡದ 1260ರ ಶಾಸನದಲ್ಲಿ ಸಂಗನಬಸವನ ಹೆಸರು ವಿದ್ವಾಂಸರ ಗಮನಕ್ಕೆ ಬಂದಾಗ ಆ ವಾದದ ಬಲ ಕುಗ್ಗಿತು. ಕಲ್ಲು ಒಂದು ಸಾಕ್ಷಿ ನುಡಿಯಿತು. ಹಳಕಟ್ಟಿಯವರು ಕೂಡಿಸಿದ ಓಲೆಗಳು ಸಾವಿರ ಸಾಕ್ಷಿ ನುಡಿದವು.

ವಚನಗಳನ್ನು ವಿಷಯಾನುಸಾರ ವಿಂಗಡಿಸಿ ಅವರು ಸಿದ್ಧಪಡಿಸಿದ ಗ್ರಂಥವೇ ವಚನಶಾಸ್ತ್ರಸಾರ. ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಬೇರೆಯವರಾಗಿದ್ದರೆ ಅದನ್ನು ಮತ್ತೆ ಜಗಲಿಗೇರಿಸುತ್ತಿದ್ದರೇನೋ. ಇವರು ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ 1923ರಲ್ಲಿ ಮೊದಲ ಭಾಗವನ್ನು ಹೊರತಂದರು. ಪರರ ಅಚ್ಚುಕೂಟವನ್ನು ನಂಬಿದರೆ ಕೆಲಸ ಸಾಗದೆಂದು ಅರಿತು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಮನೆ ಹೋಯಿತು, ಮೊಳೆ ಯಂತ್ರ ಬಂದವು. ಸಂಸಾರ ಬಾಡಿಗೆ ಮನೆಯಲ್ಲಿ ನಡೆಯಿತು. ಪತ್ನಿ ಭಾಗೀರಥಿಯವರ ಸಹನೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ತ್ಯಾಗದ ಕೀರ್ತಿ ಗಂಡನಿಗೆ ಬರುತ್ತದೆ, ಒಲೆಯ ಚಿಂತೆ ಹೆಂಡತಿಗೆ ಉಳಿಯುತ್ತದೆ.

1926ರಲ್ಲಿ ಶಿವಾನುಭವ ಪತ್ರಿಕೆ ಹುಟ್ಟಿತು, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಶಿವಾನುಭವವಂತೂ ಮೂವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಲೇಖನ ಬರೆಯುವುದು, ಕರಡು ತಿದ್ದುವುದು, ಚಂದಾದಾರರಿಗೆ ಕಳಿಸುವುದು ಬಹುಮಟ್ಟಿಗೆ ಅವರ ಮೇಲೆಯೇ. ಇಂದು ಯಾವುದೇ ಶರಣರ ಜೀವನ ಚರಿತ್ರೆಯನ್ನು ಬರೆಯಹೊರಟವರು ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವದೆ ಗತಿಯಿಲ್ಲ. ಹರಿಹರನ ರಗಳೆಗಳನ್ನೂ, ಶೂನ್ಯಸಂಪಾದನೆಯನ್ನೂ, ಶಿವಶರಣೆಯರ ವಚನಗಳನ್ನೂ ಅವರು ಪ್ರಕಟಿಸಿದರು. ಕನ್ನಡ ಬಾರದವರಿಗೂ ವಚನ ತಲುಪಲೆಂದು ಇಂಗ್ಲಿಷಿಗೆ ಅನುವಾದಿಸಿದರು.

ಮನ್ನಣೆ ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಆದರೂ ಅವರ ಕೋಟು ಹಳೆಯದೇ, ಏರುವ ವಾಹನ ಸೈಕಲ್ಲೇ. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಾಗ, ಆ ಮಹಾಕಾರ್ಯದ ಬುನಾದಿಯಲ್ಲಿ ವಿಜಯಪುರದ ಆ ಬಾಡಿಗೆ ಮನೆಯ ದುಡಿಮೆ ಇತ್ತು.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. 84 ತುಂಬುವುದಕ್ಕೆ ಇನ್ನು ಮೂರು ದಿನವಿತ್ತು. ಅವರು ಹುಟ್ಟಿದ ಜುಲೈ 2 ಈಗ ನಾಡಿನಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನ.